ಹೂವಿನ ಮೇಲಷ್ಟೇ ಎದ್ದ ಗುಳ್ಳೆ

ಹಚ್ಚೆ ಇಲ್ಲದ ಸೊಸೆ ಅರ್ಧ ಸೊಸೆ ಎಂಬುದು ಹಡಪಸರದ ನಮ್ಮ ಓಣಿಯ ಸಾಬವ್ವನ ತೀರ್ಪು. ಅದಕ್ಕೇ ಹೊಸ ಸೊಸೆ ಸುಮಂಗಲಾ ರಸ್ತೆ ಬದಿಯ ಹಚ್ಚೆ ಮಷಿನ್ನಿನವನ ಹತ್ತಿರ ಕೂತು, ಮುಂಗೈ ಮೇಲೆ ಗಂಡ ಅಂಬಾದಾಸನ ಹೆಸರು, ಪಕ್ಕದಲ್ಲೊಂದು ಬೂದು ಬಣ್ಣದ ಕಮಲ ಹಾಕಿಸಿಕೊಂಡಳು.

ಕೆಲವು ವಾರ ಕಳೆದ ಮೇಲೆ ಕೈ ಮೇಲೆ ಕೆಂಪು ಗುಳ್ಳೆಗಳೆದ್ದವು. ಅರಿಶಿನ ಹಚ್ಚಿದರು, ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿಸಿದರು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೀವು ತುಂಬಿತು, ರೊಟ್ಟಿ ಬಡಿಯುವುದೂ ನಿಂತಿತು. ಕೈ ಹೋದರೆ ಏನು ಗತಿ ಎಂದು ಹುಡುಗಿ ಅತ್ತಳು.

"ದೇವಿ ಸಿಟ್ಟಾಗ್ಯಾಳ. ಹರಕಿ ತೀರಿಸಿದ್ರ ತಾನ ಹೋಗ್ತದ," ಅಂದಳು ಸಾಬವ್ವ.

ಪಕ್ಕದ ಮನೆಯ ನರ್ಸ್ ಮಾಧುರಿ ಕೈ ನೋಡಿ ನಕ್ಕಳು. "ಸಾಬವ್ವಕ್ಕ, ನಿಮ್ಮ ದೇವಿ ಭಾಳ ಶಾಣ್ಯಾಕಿ ಇದ್ದಾಳ್ರಿ. ನಿಮ್ಮ ಮಗನ ಹೆಸರು ಮುಟ್ಟಿಲ್ಲ, ಹೂವಿನ ಮ್ಯಾಲ ಅಷ್ಟ ಸಿಟ್ಟು ಮಾಡ್ಯಾಳ."

"ಅಂದ್ರ?"

"ಹೆಸರಿಗೆ ಮಸಿ ಇದ್ದಂಗ ಹಾಕ್ಯಾನ. ಸುಮಂಗಲಾ, ಬೂದು ಬಣ್ಣ ಮಾಡ್ಲಿಕ್ಕೆ ಮಸ್ಯಾಗ ಏನು ಕಲಸಿದ?"

"ನಳದ ನೀರ್ರಿ."

"ಅಲ್ಲೇ ಅದ ನೋಡ್ರಿ. ನೀರಾಗ, ಮಣ್ಣಾಗ ಟಿಬಿ ರೋಗಾಣುವಿನ ದಾಯಾದಿಗಳು ಇರ್ತಾವ. ಕುಡಿದ್ರ ಸಾಮಾನ್ಯವಾಗಿ ಏನೂ ಆಗಂಗಿಲ್ಲ. ಸೂಜಿಯಿಂದ ಚರ್ಮದೊಳಗ ಹೋದ್ರ ಹಿಂಗ."

"ಅಯ್ಯ, ಟಿಬಿ ಏನವ್ವಾ? ಮನಿ ಮಂದಿಗೆಲ್ಲ ಹತ್ತತದೇನು?"

"ಟಿಬಿ ಅಲ್ರಿ, ಯಾರಿಗೂ ಹತ್ತಂಗಿಲ್ಲ. ಆದ್ರ ಅಂಗಡಿ ಗುಳಿಗಿಗೆ ಬಗ್ಗಂಗಿಲ್ಲ."

ಸಾಬವ್ವ ಸೊಸೆಯ ಕೈ ಹಿಡಿದು ಹೆಸರನ್ನೊಮ್ಮೆ, ಹೂವನ್ನೊಮ್ಮೆ ನೋಡಿದಳು. "ನಡಿಯವ್ವ ದವಾಖಾನಿಗೆ. ದೇವಿಗೆ ನಾ ಹೇಳ್ಕೋತೀನಿ."

ವೈದ್ಯರು ಗುಳ್ಳೆಯ ಚೂರು ತೆಗೆದು ಪರೀಕ್ಷೆ ಮಾಡಿಸಿ, ಎನ್‌ಟಿಎಂ, ಅಂದರೆ ಮಾಧುರಿ ಹೇಳಿದ ಆ ದಾಯಾದಿಗಳದೇ ಸೋಂಕು ಎಂದರು. ತಿಂಗಳುಗಟ್ಟಲೆ ಔಷಧಿ ಬರೆದುಕೊಟ್ಟರು. ಗುಳ್ಳೆ ಬಾಡುತ್ತಲೇ ಸುಮಂಗಲಾ ಗುಳಿಗೆ ತಪ್ಪಿಸಲು ನೋಡಿದಳು. ಸಾಬವ್ವ ಬಿಡಬೇಕಲ್ಲ! ಪೊಲೀಸಿನವರಂತೆ ಎದುರು ಕೂತು ನುಂಗಿಸಿದಳು.

ಮೊನ್ನೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಸಾಬವ್ವ ಗದರುತ್ತಿದ್ದಳು: "ಸಾಕು ಬಿಡ, ಓಣಿಗೆಲ್ಲ ಬಡಿತೀ ಏನು?"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಚ್ಚೆ ಬೇಡ ಎನ್ನುತ್ತಿಲ್ಲ. ಹಾಕಿಸಿಕೊಳ್ಳಿ, ಮೆರೆಯಿರಿ. ಆದರೆ ಹೊಸ ಸೂಜಿ, ಸೀಲ್ ಒಡೆಯದ ಮಸಿ ಕೇಳಿ. ಮಸಿಗೆ ನಳದ ನೀರು ಬೆರೆಸಿದರೆ ಎದ್ದು ಬನ್ನಿ. ಮನೆಯಲ್ಲಿ ಕಾಯಿಸಿದ ನೀರೂ ಸಾಲದು, ರೋಗಾಣು ಪೂರ್ತಿ ತೆಗೆದು ಸೀಲ್ ಮಾಡಿದ ಸ್ಟೆರೈಲ್ ನೀರೇ ಬೇಕು. ಗುಳ್ಳೆ ಎದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಹಚ್ಚೆಯ ವಿಷಯ ಮುಚ್ಚಿಡಬೇಡಿ. ಕೊಟ್ಟ ಔಷಧಿ ನಡುವೆ ಬಿಡಬೇಡಿ. ನಿಮ್ಮ ಮನೆಯಲ್ಲಿ ಸಾಬವ್ವ ಇಲ್ಲದಿದ್ದರೆ, ನೀವೇ ಸಾಬವ್ವ ಆಗಿ.