ಯಜಮಾನರ ಉತ್ತರ

ವಿಭಾಗದ ಗೋಡೆಯ ಮೇಲಿನ ಚಾರ್ಟಿನ ಹೆಂಗಸು ಎತ್ತರ ಹಿಮ್ಮಡಿಯ ಚಪ್ಪಲಿ ಮೆಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದಾಳೆ, ಎರಡು ವರ್ಷ ದಿನಾ ನೋಡಿದ ಚಾರ್ಟು, ಬಿಂದುವಿಗೆ ಆ ಚಪ್ಪಲಿ ಕಂಡದ್ದು ಇವತ್ತೇ — ಒಲೆ, ಸಿಂಕು, ಫ್ರಿಜ್ಜು, ಮೂರನ್ನೂ ಸೇರಿಸುವ ಕೆಂಪು ತ್ರಿಕೋನ, ಹೆಜ್ಜೆ ಉಳಿಸುವ ಅಡುಗೆಮನೆ, ಮೊದಲ ಸೆಮಿಸ್ಟರಿನಲ್ಲಿ ಹತ್ತು ಅಂಕಕ್ಕೆ ಬರೆದಿದ್ದಳು, ಆಮೇಲೆ ಪ್ರಬಂಧಕ್ಕೆ ಅಂತ ಹೊಸನಗರದ ಕಡೆ ನಲವತ್ತು ಮನೆ ಸುತ್ತಿದಳು, ಒಂದರಲ್ಲೂ ತ್ರಿಕೋನವಿಲ್ಲ, ನೀರು ಹಿತ್ತಲಲ್ಲಿ, ಸೌದೆ ಕೊಟ್ಟಿಗೆಯ ಆಚೆ, ಹೆಂಗಸರು ನಡೆದ ದಾರಿಗೆ ಗೆರೆ ಎಳೆಯಹೋದರೆ ಕಾಗದವೇ ಸಾಲದು. ಬಾಗಿಲ ಒಳಗೆ ರವೀಂದ್ರ ಸರ್ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಸಾಗರದ ಈ ಸ್ನಾತಕೋತ್ತರ ಕೇಂದ್ರದಲ್ಲಿ ಗೃಹವಿಜ್ಞಾನದ ಎಂ.ಎಸ್ಸಿ. ಪ್ರಬಂಧಗಳಿಗೆ ಅವರೇ ಮಾರ್ಗದರ್ಶಕರು, ಐದು ಗಂಟೆಯೊಳಗೆ ಸಹಿ ಬಿದ್ದರೆ ಆಯಿತು, ಇಲ್ಲದಿದ್ದರೆ ಇನ್ನೊಂದು ವರ್ಷ, ಗಂಟೆ ಈಗ ಮೂರೂವರೆ. ನಾಲ್ಕನೇ ಅಧ್ಯಾಯ ತೆಗಿಯಮ್ಮಾ ಅಂದಿದ್ದರು ಸೋಮವಾರ, ಮೆತ್ತಗೇ ಅಂದಿದ್ದರು, ಗದರುವವರಲ್ಲ, ಒಂದು ಮನೆಗೆ ಒಂದು ಉತ್ತರ ಸಾಕು, ಯಜಮಾನರದ್ದು, ನೀನು ಹೆಂಗಸರನ್ನೂ ಬೇರೆ ಕೇಳ್ಕೊಂಡು ಬಂದಿದೀಯ, ಎರಡೂ ತಾಳೆ ಆಗ್ತಿಲ್ಲ, ಹೊರಗಿನ ಪರೀಕ್ಷಕರಿಗೆ ನಾನೇನು ಹೇಳ್ಲಿ — ತಾಳೆ ಆಗುತ್ತಿಲ್ಲ, ಹೌದು, ಅವಳಿಗೆ ಸಿಕ್ಕಿದ್ದೇ ಅದು, ಬೇರೆ ಏನೂ ಸಿಕ್ಕಿಲ್ಲ.

ತೊಡೆಯ ಮೇಲೆ ಎರಡು ಪ್ರತಿ, ಒಂದು ಅಧ್ಯಾಯ ಇರುವುದು, ಒಂದು ಇಲ್ಲದ್ದು, ಇಲ್ಲದ್ದು ಎಷ್ಟು ತೆಳ್ಳಗೆ. ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿಸುವಾಗ ಅಪ್ಪ, ಅವರು ಹೇಳ್ದಂಗೆ ಮಾಡಿ ಮುಗಿಸ್ಕಂಡು ಬಾ ಮಾರಾಯ್ತಿ, ಅನ್ನ ಸಾರಿನ ಓದಿಗೆ ಇಷ್ಟು ಹಟ ಎಂಥಕ್ಕೆ — ಅನ್ನ ಸಾರು ತಾನಾಗಿ ಬೇಯುತ್ತದೆ ಅಂತ ಅಪ್ಪನಿಗೂ ಗೊತ್ತು, ಜಯಪ್ಪನಿಗೂ ಗೊತ್ತು. ಹದಿನೇಳನೇ ಮನೆಯ ಜಯಪ್ಪ, ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದ, ಕೆಟ್ಟವನಲ್ಲ, ಹೆಂಡತಿ ಗುತ್ಯಮ್ಮನ ಕೆಲಸ ಎಷ್ಟು ಹೊತ್ತು ಅಂದರೆ, ಇವ್ಳಿಗೆ ಎಂಥ ಕೆಲಸ ಅಕ್ಕೋರೇ, ಮನೇಲೇ ಇರ್ತಾಳೆ, ಎರಡು ಗಂಟೆ ಅಂತ ಬರ್ಕಳಿ, ಬರೆದುಕೊಂಡಳು, ಅಕ್ಕೋರಿಗೆ ಮಜ್ಜಿಗೆ ಕೊಡೇ ಅಂದ, ಗುತ್ಯಮ್ಮ ಎದ್ದಳು. ಮಾರನೆಯ ದಿನ ಬಿಂದು ಗಡಿಯಾರ ಹಿಡಿದು ಬೆಳಗಿನಿಂದ ಅವಳ ಹಿಂದೆಯೇ ತಿರುಗಿದಳು, ಕೊಟ್ಟಿಗೆ, ಬಾವಿ, ಗದ್ದೆ, ಒಲೆ, ಅತ್ತೆಯ ಸ್ನಾನ, ಮತ್ತೆ ಒಲೆ, ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ, ಅದರಲ್ಲಿ ಎರಡು ನಿಮಿಷ ಆವತ್ತೂ ಬಿಂದುವಿಗೇ ಕೊಟ್ಟ ಮಜ್ಜಿಗೆ, ಅದನ್ನೂ ಬರೆದಳು, ನಾಚಿಕೆಯಾದರೂ ಬರೆದಳು, ಈಗ ಅದನ್ನೆಲ್ಲ ತೆಗೆದು ಎರಡು ಗಂಟೆ ಅಂತ ಇಟ್ಟರೆ ತಾನು ಕುಡಿದದ್ದೂ ಸುಳ್ಳು.

ಬಾಮ್ಮಾ ಒಳಗೆ, ಸರ್ ಕರೆದರು, ಎದ್ದಳು, ದಪ್ಪ ಪ್ರತಿಯನ್ನೇ ಮೇಜಿನ ಮೇಲಿಟ್ಟಳು, ತೆಗೆದ್ಯಾ ಅಂದರು, ಇಲ್ಲ ಸರ್, ತೆಗಿಯಲ್ಲ ಸರ್, ಹೆಂಗಸರ ಉತ್ತರ ಬೇಡ ಅಂತ ನೀವು ಬರೆದು ಕೊಡಿ, ಆಗ ತೆಗೀತೀನಿ. ಸರ್ ಪೆನ್ನು ತೆರೆದರು, ಕಾಗದ ಎಳೆದುಕೊಂಡರು, ಕಿಟಕಿಯ ಕಡೆ ನೋಡಿದರು, ಏನೂ ಬರೆಯದೆ ಕ್ಯಾಪು ಹಾಕಿದರು, ಸಹಿಯನ್ನೂ ಮಾಡಲಿಲ್ಲ, ಹಾಗಾದ್ರೆ ಈ ವರ್ಷ ಆಗಲ್ಲ, ನಿನ್ನ ಜೊತೆಯವರೆಲ್ಲ ಕೆಲಸಕ್ಕೆ ಸೇರ್ತಾರೆ, ನೀನು ಇನ್ನೊಂದು ವರ್ಷ ಇಲ್ಲೇ ಕೂರ್ತೀಯಾ. ಕೂರ್ತೀನಿ ಸರ್. ಪ್ರತಿ ಅವರ ಮೇಜಿನ ಮೇಲೆಯೇ ಇರಲಿ, ದಿನಾ ಕಣ್ಣಿಗೆ ಬೀಳಲಿ, ತೆಳ್ಳನೆಯದು ಬ್ಯಾಗಿನಲ್ಲಿದೆ, ಹಾಳೆಗಳ ಹಿಂಬದಿ ಖಾಲಿ, ಅದರ ಮೇಲೇ ಗೆರೆ ಹಾಕಿ ನಲವತ್ತು ಮನೆಗೂ ಮತ್ತೆ ಹೋಗುತ್ತಾಳೆ, ಈ ಸಲ ಪ್ರತಿಯೊಂದು ಮನೆಗೂ ಗಡಿಯಾರ ಹಿಡಿದೇ — ಮೆಟ್ಟಿಲಿಳಿಯುತ್ತ, ಕೂರ್ತೀನಿ ಸರ್, ಎಷ್ಟು ಸಲೀಸಾಗಿ ಬಂತು ಆ ಮಾತು, ಗಡಿಯಾರ ಹಿಡಿದು ತಿರುಗಿದ ಆವತ್ತು ಕೊನೆಯ ಪ್ರಶ್ನೆಯೂ ಕೂರುವುದರದ್ದೇ, ನೀವು ಕೂರೋದು ಯಾವಾಗ ಗುತ್ಯಮ್ಮಾ, ಅವಳು ನಕ್ಕಳು, ಕೂತ್ರೆ ಏಳಕಾಗಲ್ಲ ಅಕ್ಕೋರೇ, ನಿಂತ್ಕಂಡೇ ದಣಿವು ಆರಿಸ್ಕಳ್ತೀನಿ, ಹೇಗೆ ಅಂದದ್ದಕ್ಕೆ ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ಒಂದು ಪಾದ ಎತ್ತಿ ಇನ್ನೊಂದು ಮೊಣಕಾಲಿಗೆ ಒತ್ತಿ ತೋರಿಸಿದಳು, ಪಾದದ ಸೀಳುಗಳಲ್ಲಿ ಸಗಣಿ ಒಣಗಿತ್ತು, ಬಿಂದು ಗಡಿಯಾರ ನೋಡಿದಳು, ವಿಶ್ರಾಂತಿ ಅನ್ನುವ ಕಾಲಮ್ಮಿಗೆ ಪೆನ್ನು ಒಯ್ದಳು, ಏನಂತ ಬರೆಯುವುದು — ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಕೂಗುತ್ತಿದೆ, ಒಂದು ಪಾದ ಮೇಲೆ, ಒಂದು ನೆಲದ ಮೇಲೆ, ಬಿಂದು ನಡೆಯುತ್ತಿದ್ದಾಳೆ, ಒಂದು ಪಾದ ಮೇಲೆ, ಒಂದು ನೆಲದ ಮೇಲೆ, ಆವತ್ತು ಗಡಿಯಾರದಲ್ಲಿ ಅರ್ಧ ನಿಮಿಷ ಆಗಿತ್ತು, ಗುತ್ಯಮ್ಮ ಕಾಲು ಬದಲಾಯಿಸಿದಳು.