ಅರ್ಧ ಹೆಣೆದ ಜಡೆ

ಅದು ಶುರುವಾದದ್ದು ಚಳಿಗಾಲದ ಕೊನೆಗೆ, ಒಣಗಿದ ಬಟ್ಟೆ ಎತ್ತಿಡುವ ಇಳಿಹೊತ್ತಿನಲ್ಲಿ. ಹದಿಮೂರು ತುಂಬಿದ ಮೊಮ್ಮಗಳು ಬಾಚಣಿಗೆ ತಂದು, ನನಗೆ ಬೆನ್ನು ಹಾಕಿ ಕೂತಳು. ವಟವಟಿ ಅಂತಲೇ ನಾವು ಕರೆಯುತ್ತಿದ್ದ ಹುಡುಗಿ, ಎಷ್ಟೋ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಸಿಕ್ಕು ಬಿಡಿಸುತ್ತಿದ್ದಂತೆ ಗೋಡೆ ನೋಡಿಕೊಂಡೇ ಹೇಳತೊಡಗಿದಳು. ಅವಳು ಫೋಟೊ ಹಾಕುತ್ತಿದ್ದ ಆ್ಯಪು 'ಇವರು ನಿನಗೆ ಗೊತ್ತಿರಬಹುದು' ಎಂದು ತಾನಾಗಿಯೇ ಒಬ್ಬ ಗಂಡಸನ್ನು ತೋರಿಸಿತ್ತಂತೆ. ಅವನು ಮೊದಲು ಸ್ನೇಹ ಮಾಡಿದ, ಆಮೇಲೆ ಹೆದರಿಸಿದ. ಅವಳು ಕಂಪನಿಗೆ ದೂರು ಬರೆದಳು. 'ನಮ್ಮ ನಿಯಮ ಮೀರಿದ್ದೇನೂ ಕಾಣಲಿಲ್ಲ' ಎಂದು ಉತ್ತರ ಬಂತು. ಮತ್ತೆ ಬರೆದಳು. ಅದೇ ಉತ್ತರ.

ವಿಷಯ ತಿಳಿದು ನನ್ನ ಮಗಳು, ಅಂದರೆ ಅವಳ ತಾಯಿ, ಕಂಪನಿಯ ಮೇಲೆ ಕೇಸು ಹಾಕಿದಳು.

"ಅಜ್ಜಿ, ಇದನ್ನೆಲ್ಲ ಹುಡುಗೀನೇ ಬಾಯಿಬಿಟ್ಟು ಹೇಳ್ಬೇಕು," ಎಂದರು ನಮ್ಮ ವಕೀಲೆ. "ಇಲ್ಲಾಂದ್ರೆ ಕೇಸು ನಿಲ್ಲಲ್ಲ."

ಯಾರ ಮುಖ ನೋಡಿಯೂ ಅವಳಿಗೆ ಹೇಳಲಾಗುತ್ತಿರಲಿಲ್ಲ. ಅಜ್ಜಿ ತಲೆ ಬಾಚುತ್ತಿದ್ದರೆ ಹೇಳುತ್ತೇನೆ ಎಂದಳು. ನ್ಯಾಯಾಧೀಶರು ಒಪ್ಪಿದರು. ಕೋರ್ಟಿನ ಸಣ್ಣ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಕೂತಳು. ನ್ಯಾಯಾಧೀಶರು, ವಕೀಲರು ಎಲ್ಲ ನನ್ನ ಬೆನ್ನ ಹಿಂದೆ. ನಾಲ್ಕು ಮಾತು ಆಡಿದ್ದಳೋ ಇಲ್ಲವೋ, ಕಂಪನಿಯ ವಕೀಲರು ಎದ್ದರು.

"ಸ್ವಾಮಿ, ಅಜ್ಜಿ ಕೂದ್ಲು ಎಳೆದು ಸನ್ನೆ ಕೊಡ್ತಿದ್ದಾರೆ."

"ಸಿಕ್ಕಾಗಿದೆ ಕಣಪ್ಪಾ," ಎಂದೆ. "ನಿಮ್ಮ ತಲೇಲಿ ನಾಕು ಕೂದ್ಲಿದ್ದಿದ್ರೆ ಗೊತ್ತಾಗ್ತಿತ್ತು."

ಗುಮಾಸ್ತ ಕಿಸಕ್ಕನೆ ನಕ್ಕ. ನ್ಯಾಯಾಧೀಶರು ನಗಲಿಲ್ಲ.

"ನಾಳೆ ಈ ಸಾಕ್ಷಿ ಬಗ್ಗೆ ಯಾರೂ ಬೆರಳು ತೋರಿಸ್ಬಾರದು. ಅಜ್ಜಿ, ನೀವು ಹೊರಗಿರಿ."

ಜಡೆ ಅರ್ಧಕ್ಕೇ ನಿಂತಿತು. ನನ್ನ ಕೈ ಅದನ್ನು ಬಿಡಲೊಲ್ಲದು.

"ಬಾಚಣಿಗೆ ಕೊಡಜ್ಜಿ," ಎಂದಳು.

"ಒಬ್ಳೇ ಆಗುತ್ತೇನೇ?"

"ನೀ ಎಳೆಯೋದಕ್ಕಿಂತ ವಾಸಿ. ಹೋಗು."

ಬಾಗಿಲಿನ ಗಾಜಿನಿಂದ ನೋಡುತ್ತ ನಿಂತೆ. ಜಡೆ ಬಿಚ್ಚಿ, ಕೂದಲನ್ನು ಮುಂದಕ್ಕೆಳೆದುಕೊಂಡು, ತಾನೇ ಬಾಚಿಕೊಳ್ಳುತ್ತಿದ್ದಳು. ಒಂದು ಮಾತೂ ನನಗೆ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಬಾಚಣಿಗೆ ಕೆಳಗಿಟ್ಟು, ಕುರ್ಚಿ ತಿರುಗಿಸಿ ಅವರ ಕಡೆ ಮುಖ ಮಾಡಿದಳು. ತುಟಿ ಆಡುತ್ತಲೇ ಇತ್ತು. ಬೋಳುತಲೆಯ ವಕೀಲರು ನೆಲ ನೋಡುತ್ತಿದ್ದರು. ನನಗೆ ಎಂದೂ ಹೇಳದಷ್ಟನ್ನು ಅವಳು ಅಲ್ಲಿ ಹೇಳಿದಳಂತೆ. ಏನೆಂದು ನಾನು ಕೇಳಲಿಲ್ಲ.

ಮಳೆ ಬೀಳುವ ಹೊತ್ತಿಗೆ ತೀರ್ಪು ಬಂತು. ದೂರು ಬಂದರೂ ಕಂಪನಿ ಕಣ್ಣು ಮುಚ್ಚಿ ಕೂತಿತ್ತು, ಹೊಣೆ ಅದರದೇ ಎಂದರು. ಅಷ್ಟರಲ್ಲಿ ಬೀದಿಯ ಬಾಯಲ್ಲಿ ಅವಳು 'ಕೇಸಿನ ಹುಡುಗಿ' ಆಗಿದ್ದಳು. ಯಾರೂ ಗುರುತಿಸದ ಊರಲ್ಲಿ ಮಗಳು ಕೆಲಸ ಹುಡುಕಿಕೊಂಡಳು. ನನ್ನನ್ನೂ ಕರೆದರು. ದರ್ಜಿ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುವ ನನ್ನ ಕೆಲಸ ಬಿಟ್ಟು ಬರಲಾರೆ ಎಂದೆ.

ಹೊರಡುವ ದಿನ ವಟವಟಿ ಕೂದಲನ್ನು ಕತ್ತಿನ ಮಟ್ಟಕ್ಕೆ ಕತ್ತರಿಸಿಕೊಂಡು ಬಂದು, ಮತ್ತೆ ಬೆನ್ನು ಹಾಕಿ ಕೂತಳು. ಬಾಚುವುದಕ್ಕೆ ಏನೂ ಇರಲಿಲ್ಲ. ಆದರೂ ಬಾಚಿದೆ.

ತಾಯಿ ಮಗಳು ಇಬ್ಬರೂ ಹೋದರು. ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು.