ಫುಜೈರಾ ಮುಟ್ಟಿದ ಚುಕ್ಕೆ

ಎಸ್ಕಂದರ್ ಸತ್ತು ನಾಲ್ಕು ದಿನವಾಗಿತ್ತು. ಅವನ ಹಡಗು ಮಾತ್ರ ತಾಯಿಯ ಮೊಬೈಲಿನ ನಕಾಶೆಯಲ್ಲಿ ಒಮಾನಿನ ತೀರದಗುಂಟ ಸುಸೂತ್ರವಾಗಿ ಸಾಗುತ್ತಿತ್ತು.

ಇರಾನಿನ ಬಂದರು ಬುಶೆಹರ್‌ನ ಹಡಗಿನವರ ಮನೆಗಳಲ್ಲಿ ಇದು ಗುಟ್ಟೇನಲ್ಲ. ಅಮೆರಿಕ ಮುಟ್ಟಬಾರದೆಂದ ಎಣ್ಣೆಯನ್ನು ಚೀನಾಕ್ಕೆ ಸಾಗಿಸಬೇಕಾದರೆ ಹಡಗು ಒಂದು ಕಡೆ, ನಕಾಶೆಯಲ್ಲಿ ಅದನ್ನು ತೋರಿಸುವ ಚುಕ್ಕೆ ಇನ್ನೊಂದು ಕಡೆ ಇರಬೇಕು. ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ತಡೆಯುವ ದೊಡ್ಡ ಮನುಷ್ಯರಿಗೂ ಗೊತ್ತು. ಎಸ್ಕಂದರನ ತಾಯಿ ಬೀಬಿ ಗೋಹರ್‌ಗೆ ಮಾತ್ರ ಯಾರೂ ಹೇಳಿರಲಿಲ್ಲ. ಆಕೆಗೆ ಚುಕ್ಕೆಯೇ ಮಗ.

ನಿಜವಾದ ಹಡಗು ಮಲೇಷ್ಯಾದ ಆಚೆ ನಡುನೀರಿನಲ್ಲಿತ್ತು. ಎಂಜಿನ್ ಕೋಣೆಗೆ ಬೆಂಕಿ ಬಿದ್ದು ಎಸ್ಕಂದರ್ ಸುಟ್ಟುಹೋಗಿದ್ದ, ಹೆಣವನ್ನು ಸಮುದ್ರಕ್ಕೇ ಬಿಟ್ಟರಂತೆ. ಹಡಗು ಕಂಪನಿಯ ಕಾಝೆರೂನಿ ಅವತ್ತು ಬಂದು ಎಸ್ಕಂದರನ ಹೆಂಡತಿ ತಾಬಂದೆಯೊಬ್ಬಳನ್ನೇ ಬಾಗಿಲ ಹೊರಗೆ ಕರೆದು ಇದನ್ನೆಲ್ಲ ಹೇಳಿದ.

“ಬೀದಿ ಗೋಡೆಗೆ ಸಾವಿನ ಚೀಟಿ ಅಂಟಿಸ್ಬೇಡಮ್ಮ. ಎಣ್ಣೆ ಇನ್ನೂ ಬೇರೆ ಹಡಗಿಗೆ ಹೋಗಿಲ್ಲ. ಈಗ ಸುದ್ದಿ ಹಬ್ಬಿದ್ರೆ ಮಿಕ್ಕ ಹದಿನೆಂಟು ಜನ ಸಿಕ್ಕಿಬೀಳ್ತಾರೆ. ಇನ್ನೊಂದು ವಾರ. ಚುಕ್ಕೆ ಫುಜೈರಾ ಬಂದರು ಮುಟ್ಲಿ, ಆಮೇಲೆ ಅತ್ಕೊಳ್ಳಿ.”

ಅಳುವುದಕ್ಕೂ ಅಪ್ಪಣೆ ಬೇಕು ನೋಡಿ. ಆದರೆ ಆ ಹದಿನೆಂಟರಲ್ಲಿ ಇಬ್ಬರು ಅದೇ ಬೀದಿಯ ಹುಡುಗರು. ತಾಬಂದೆ ಹೂಂ ಅಂದಳು. ಒಳಗೆ ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೆ ಅವಳಿಗೆ ಹೆದರಿಕೆಯಾಯಿತು. ಹೋಗಿ ಮೀನಿನ ಸಾರಿಗೆ ಹುಣಸೆಹಣ್ಣು ಕಿವುಚಿದಳು. ವಾರವಿಡೀ ಉಂಡಳು, ಬಟ್ಟೆ ಒಗೆದಳು, ಕೇಳಿದವರಿಗೆಲ್ಲ ಚೆನ್ನಾಗಿದ್ದಾರೆ ಎಂದಳು.

ಕಾಝೆರೂನಿ ಬಂದುಹೋದ ಏಳನೆಯ ದಿನ ಮಧ್ಯಾಹ್ನ ಚುಕ್ಕೆ ಫುಜೈರಾದಲ್ಲಿ ನಿಂತಿತು. ಬೀಬಿ ಗೋಹರ್ ಹರಕೆಯ ಕೇಸರಿ ಪಾಯಸ ಮಾಡಿ, ಬೀದಿಗೆಲ್ಲ ಹಂಚಲು ಬಟ್ಟಲುಗಳಿಗೆ ಹುಯ್ದಿದ್ದಳು. ಒಂದೊಂದರ ಮೇಲೂ ದಾಲ್ಚಿನ್ನಿ ಪುಡಿಯಲ್ಲಿ ಮಗನ ಹೆಸರು ಬರೆಯುತ್ತಿದ್ದಳು.

“ದಡ ಮುಟ್ಟಿದ ಕಣೇ. ಮೊದ್ಲು ಅವನ ಜೊತೆ ಹೋಗಿರೋ ಆ ಇಬ್ರು ಹುಡುಗ್ರ ಮನೆಗೆ ಕೊಟ್ಬಾ.”

ತಾಬಂದೆ ಬಟ್ಟಲು ಎತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

“ಕೊಡ್ತೀನಮ್ಮ. ಆದ್ರೆ ಹರಕೆದು ಅಂತ ಹೇಳಕ್ಕಾಗಲ್ಲ. ತೀರಿಕೊಂಡವ್ರ ಹೆಸರಲ್ಲಿ ಅಂತ ಹೇಳ್ಬೇಕು.”

ಮುದುಕಿ ತಲೆ ಎತ್ತಲಿಲ್ಲ. ಅರ್ಧಕ್ಕೆ ನಿಂತಿದ್ದ ಹೆಸರನ್ನು ಪೂರ್ತಿ ಮಾಡಿದಳು.

“ಯಾವತ್ತು?”

“ಹನ್ನೊಂದು ದಿನ ಆಯ್ತು.”

ಬೀಬಿ ಗೋಹರ್ ಸೊಸೆಯ ಮುಖ ನೋಡಿದಳು. ಆಮೇಲೆ ಒಂದು ಖಾಲಿ ಬಟ್ಟಲಿಗೆ ಪಾಯಸ ಹುಯ್ದು ಅವಳ ಮುಂದೆ ತಳ್ಳಿದಳು.

“ಇದ್ರ ಮೇಲೆ ನೀನು ಬರಿ.”

ತಾಬಂದೆ ದಾಲ್ಚಿನ್ನಿ ಚಿಟಿಕೆಯಲ್ಲಿ ಹಿಡಿದಳು. ಮೊದಲ ಅಕ್ಷರಕ್ಕೇ ಅಳು ಒತ್ತರಿಸಿಕೊಂಡು ಬಂತು.